ಅಂಗಡಿಯ ಬೋರ್ಡು, ಶಾಲೆಯ ಬೋರ್ಡು

(ನಗರದ ಬಡಾವಣೆಯೊಂದರ ರಾಜ್ಯೋತ್ಸವ ಸಭೆಯಲ್ಲಿ ನಿವೃತ್ತ ಮುಖ್ಯಶಿಕ್ಷಕರೊಬ್ಬರು ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಮೊದಲು ಈ ಹಾರದ ಮಾತು. 36 ವರ್ಷ ಮೇಷ್ಟ್ರಾಗಿದ್ದೆ. ಅಷ್ಟು ವರ್ಷದಲ್ಲಿ ನನ್ನ ಕೊರಳಿಗೆ ಬಿದ್ದ ಹಾರ ಎರಡೇ ಎರಡು. ಒಂದು ವರ್ಗವಾಗಿ ಹೊರಟಾಗ, ಇನ್ನೊಂದು 2024ರಲ್ಲಿ ನಿವೃತ್ತನಾದಾಗ. ಎರಡು ಸಲವೂ ಹೊರಟು ನಿಂತವನಿಗೇ ಹಾರ! ಇದ್ದಾಗ ಯಾರೂ ಹಾಕಲಿಲ್ಲ. ಸೆಪ್ಟೆಂಬರ್ 5ಕ್ಕೆ ಹಾರ ರಾಧಾಕೃಷ್ಣನ್ ಅವರ ಫೋಟೋಕ್ಕೆ ಬೀಳುತ್ತಿತ್ತು, ಭಾಷಣ ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ಇವತ್ತು ನೀವು ಮೂರನೆಯದು ಹಾಕಿದ್ದೀರಿ. ಸಂತೋಷ. ಆದರೆ ಹಾರ ಹಾಕಿಸಿಕೊಂಡು ನಿಮ್ಮನ್ನು ಹೊಗಳಿ ಹೋಗುವ ಜಾಯಮಾನ ನನ್ನದಲ್ಲ. ಮಾತಿನಲ್ಲಿ ಸ್ವಲ್ಪ ಖಾರ ಇರುತ್ತದೆ, ತಡೆದುಕೊಳ್ಳಿ.

ನಿಮ್ಮ ಹೋರಾಟ ನನಗೆ ಹೊಸದಲ್ಲ. 1982ರಲ್ಲಿ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ತುಮಕೂರಿನ ಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗಿದವನು ನಾನು. ಆಗ ನನಗೆ 18 ವಯಸ್ಸು. ಅಂಗಡಿಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತಲ್ಲ, ಅದು ಬೀದಿಗಿಳಿದವರಿಂದ ಬಂತೇ ಹೊರತು ವಿಧಾನಸೌಧದ ಕೃಪೆಯಿಂದ ಬಂದದ್ದಲ್ಲ. ಅದನ್ನು ಯಾರೂ ಕಡಿಮೆ ಮಾಡಿ ಮಾತಾಡಬಾರದು.

ಆದರೆ ಒಂದು ಪ್ರಶ್ನೆ. ಇನ್ನು 20 ವರ್ಷ ಕಳೆದ ಮೇಲೆ ಆ ಬೋರ್ಡನ್ನು ಓದುವವರು ಯಾರು?

ಇವತ್ತು ಯಾವುದೋ ಸರ್ಕಾರಿ ಶಾಲೆಯ ನೆಲದ ಮೇಲೆ ಕೂತು ಕಾಗುಣಿತ ತಿದ್ದುತ್ತಿರುವ ಏಳು ವರ್ಷದ ಹುಡುಗಿ. ಅವಳಿಗೆ ಕಾಗುಣಿತ ಸರಿಯಾಗಿ ಬಂದರೆ ಆ ಬೋರ್ಡಿಗೆ ಅರ್ಥ. ಬಾರದಿದ್ದರೆ ಅದು ತಗಡಿಗೆ ಬಳಿದ ಬಣ್ಣ ಅಷ್ಟೇ. ಅಂಗಡಿಯ ಬೋರ್ಡಿಗೆ ನೀವು ಕಾವಲಿದ್ದೀರಿ. ಶಾಲೆಯ ಕರಿ ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತವರಿಗೆ ಯಾರಿದ್ದಾರೆ?

ಕೋರ್ಟು ಮುಚ್ಚಿದ ಬಾಗಿಲು

ನಿಮ್ಮಲ್ಲಿ ಅನೇಕರು ಇನ್ನೂ ಹುಟ್ಟಿರಲಿಲ್ಲ. 1994ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ನಡೆಯಬೇಕು ಎಂದು. ಖಾಸಗಿ ಶಾಲೆಯವರು ಕೋರ್ಟಿಗೆ ಹೋದರು. 2008ರಲ್ಲಿ ಹೈಕೋರ್ಟು ಅವರ ಪರ ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹಾಗೆಯೇ ತೀರ್ಪು ಕೊಟ್ಟಿತು: ಮಾತೃಭಾಷೆಯಲ್ಲೇ ಕಲಿಸಿ ಎಂದು ಸರ್ಕಾರ ಬಲವಂತ ಮಾಡುವಂತಿಲ್ಲ, ಮಾಧ್ಯಮ ಯಾವುದೆಂಬುದು ತಂದೆತಾಯಿಯ ಆಯ್ಕೆ. ನಮಗೆ ಸಿಟ್ಟು ಬಂತು, ಪತ್ರಿಕೆಗಳು ಬರೆದವು, ಸಾಹಿತಿಗಳು ಹೇಳಿಕೆ ಕೊಟ್ಟರು. ತೀರ್ಪು ಮಾತ್ರ ಹಾಗೆಯೇ ನಿಂತಿತು.

ಅಂದರೆ ಏನಾಯಿತು? ಬಲವಂತದ ದಾರಿ ಮುಚ್ಚಿತು. ಇನ್ನು ತಂದೆತಾಯಿ ತಾವಾಗಿ ಕನ್ನಡ ಶಾಲೆಗೆ ಮಗುವನ್ನು ಕಳಿಸಬೇಕು. ಅವರು ಯಾಕೆ ಕಳಿಸುತ್ತಾರೆ? ನೃಪತುಂಗ, ಪಂಪ, ರನ್ನರ ಹೆಸರು ಹೇಳಿದರೆ ಕಳಿಸುವುದಿಲ್ಲ. ‘ಆ ಶಾಲೇಲಿ ಮಿಸ್ಸು ಚೆನ್ನಾಗಿ ಹೇಳಿಕೊಡ್ತಾರೆ’ ಎಂದು ಪಕ್ಕದ ಮನೆಯವರು ಹೇಳಿದರೆ ಕಳಿಸುತ್ತಾರೆ. ಹಾಗಾದರೆ ಆ ಮಿಸ್ಸು ಯಾವ ಸ್ಥಿತಿಯಲ್ಲಿದ್ದಾರೆ ಅನ್ನುವುದು ಕನ್ನಡದ ಪ್ರಶ್ನೆ ಆಗಲಿಲ್ಲವೇ? ಶಿಕ್ಷಕರ ಸಂಘದವರು ಮನವಿ ಪತ್ರ ಕೊಟ್ಟುಕೊಳ್ಳಲಿ ಎಂದು ನಾವು ಯಾಕೆ ಕೈಕಟ್ಟಿ ಕೂತಿದ್ದೇವೆ?

ಶೆಟ್ಟರ ಅಂಗಡಿಯ ಸಾಲ

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. 1988ರಲ್ಲಿ ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದೆ. ಬಸ್ಸು ಇಳಿದು ನಾಲ್ಕು ಮೈಲಿ ನಡೆಯಬೇಕಾದ ಹಳ್ಳಿ. ನಾಲ್ಕು ತರಗತಿ, ಒಬ್ಬನೇ ಮೇಷ್ಟ್ರು, ಮಾರಮ್ಮನ ಗುಡಿಯ ಪಡಸಾಲೆಯೇ ಶಾಲೆ. ಮೊದಲ ಸಂಬಳ ಕೈಗೆ ಬರಲು ನಾಲ್ಕು ತಿಂಗಳಾಯಿತು. ಕೇಳಿದಾಗಲೆಲ್ಲ ‘ಬಿಲ್ಲಾಗಿಲ್ಲ’ ಎಂಬ ಒಂದೇ ಉತ್ತರ. ಅಲ್ಲಿವರೆಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲವೂ ಊರಿನ ಒಂದೇ ಅಂಗಡಿಯಲ್ಲಿ ಸಾಲ.

ಆ ಅಂಗಡಿ ಶೆಟ್ಟರ ಮಗ ನನ್ನ ಮೂರನೇ ತರಗತಿಯಲ್ಲಿದ್ದ. ಚೂಟಿ ಹುಡುಗ, ಆದರೆ ಮಗ್ಗಿ ಹೇಳು ಅಂದರೆ ಕಿಟಕಿ ನೋಡುತ್ತಿದ್ದ. ಬೇರೆ ಹುಡುಗರನ್ನು ಎದ್ದು ನಿಲ್ಲಿಸುತ್ತಿದ್ದೆ, ಇವನನ್ನು ನಿಲ್ಲಿಸಲು ಬಾಯಿ ಬರುತ್ತಿರಲಿಲ್ಲ. ಸಂಜೆ ಅವರಪ್ಪನ ಮುಂದೆ ಪಾವಕ್ಕಿಗೆ ನಿಲ್ಲಬೇಕಲ್ಲ! ಹುಡುಗನಿಗೂ ಅದು ಗೊತ್ತಿತ್ತು. ಉಳಿದ ಮಕ್ಕಳಿಗೂ ಗೊತ್ತಿತ್ತು. ಮಕ್ಕಳ ಕಣ್ಣಿನಿಂದ ಮೇಷ್ಟ್ರ ಬಡತನವನ್ನು ಮುಚ್ಚಿಡಲು ಆಗುವುದಿಲ್ಲ. ಆ ವರ್ಷ ಶೆಟ್ಟರ ಮಗ 7ರ ಮಗ್ಗಿ ಕಲಿಯಲಿಲ್ಲ. ತಪ್ಪು ಯಾರದು? ಹುಡುಗನದೇ? ನನ್ನದೇ? ಬಿಲ್ಲು ಮಾಡದ ಗುಮಾಸ್ತನದೇ? ನಾನಂತೂ ಇವತ್ತಿಗೂ ಅದನ್ನು ನನ್ನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಇನ್ನೊಂದು ಹೇಳುತ್ತೇನೆ, ಸಭೆಯಲ್ಲಿ ಹೇಳಲು ಸಂಕೋಚ, ಆದರೂ ಹೇಳಬೇಕು. ಮುಂದೆ ಬೆಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ ನನ್ನ ಜೊತೆ ಒಬ್ಬ ಮೇಡಂ ಇದ್ದರು. ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಬೆಳಗಿನ ಪಾಠ ಕೇಳಬೇಕು ನೀವು, ಒತ್ತಕ್ಷರವನ್ನು ಆಟದ ಹಾಗೆ ಕಲಿಸುತ್ತಿದ್ದರು. ಮಧ್ಯಾಹ್ನ ಮೂರರ ಮೇಲೆ ಅದೇ ಮೇಡಂ ‘ಪುಸ್ತಕ ನೋಡಿ ಬರ್ಕೊಳ್ರೋ’ ಎಂದು ಕುರ್ಚಿ ಹಿಡಿದುಬಿಡುತ್ತಿದ್ದರು. ನನಗೆ ಒಳಗೇ ಸಿಟ್ಟು. ಸೋಮಾರಿತನ ಅಂದುಕೊಂಡಿದ್ದೆ. ಆಮೇಲೆ ಅವರು ಆಸ್ಪತ್ರೆ ಸೇರಿದಾಗ ನನ್ನ ಹೆಂಡತಿ ನೋಡಿಕೊಂಡು ಬಂದು ಹೇಳಿದಳು. ಶಾಲೆಯಲ್ಲಿ ಹೆಂಗಸರು ಹೋಗುವಂಥ ಶೌಚಾಲಯ ಇಲ್ಲವೆಂದು ಆ ಹೆಣ್ಣುಮಗಳು ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ ದನಿ ಹೊರಡುತ್ತಿರಲಿಲ್ಲ, ತಲೆ ಸುತ್ತುತ್ತಿತ್ತು. ಹೊಟ್ಟೆನೋವು, ಮೂತ್ರದ ಸೋಂಕು. ನಾಲ್ಕು ವರ್ಷ ಅವರ ಜೊತೆ ಕೆಲಸ ಮಾಡಿದ ನಾನು, ಮುಖ್ಯಶಿಕ್ಷಕ ಅನ್ನಿಸಿಕೊಂಡವನು, ಒಂದು ದಿನ ಕೇಳಿರಲಿಲ್ಲ. ಗಂಡಸರಿಗೆ ಗೋಡೆ ಇತ್ತಲ್ಲ!

ಆಮೇಲೆ ಒಬ್ಬರನ್ನು ಕಾಡಿಬೇಡಿ ಬಾಗಿಲು, ನಲ್ಲಿ ಇರುವ ಶೌಚಾಲಯ ಕಟ್ಟಿಸಿದೆವು. ಯಾವ ತರಬೇತಿಯೂ ಇಲ್ಲದೆ, ಯಾವ ಸುತ್ತೋಲೆಯೂ ಇಲ್ಲದೆ ಮಧ್ಯಾಹ್ನದ ಕನ್ನಡ ಪಾಠ ಸರಿಹೋಯಿತು.

ಸಂಬಳ ಏರಿಸಿದರೆ ಪಾಠ ಏರುತ್ತದೆಯೇ?

ಈಗ ನಿಮ್ಮ ಮುಖದಲ್ಲೇ ಒಂದು ಪ್ರಶ್ನೆ ಕಾಣುತ್ತಿದೆ. ಮುಂದಿನ ಸಾಲಿನ ತಮ್ಮ ನಗುತ್ತಿದ್ದಾನೆ. ‘ಮೇಷ್ಟ್ರೇ, ಸರ್ಕಾರಿ ಮೇಷ್ಟ್ರುಗಳಿಗೆ ಕೈತುಂಬ ಸಂಬಳ ಅಲ್ವಾ?’ ಎಂದು ತಾನೇ?

ಹೌದು, ಕಾಯಂ ಶಿಕ್ಷಕರ ಸಂಬಳ ಇವತ್ತು ಕೆಟ್ಟದ್ದಲ್ಲ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಸಂಬಳವೂ ಬಂತು. 2006ರ ಏಪ್ರಿಲ್ ಆದಮೇಲೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವೆಂಬ ಕೊರಗು ಇದೆ, ಇರಲಿ. ಆದರೆ ಸಂಬಳ ಒಂದೇ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಇಂಡೊನೇಷ್ಯಾ ದೇಶದಲ್ಲಿ 2005ರ ಕಾನೂನಿನ ಪ್ರಕಾರ ಅರ್ಹತಾ ಪತ್ರ ಪಡೆದ ಶಿಕ್ಷಕರ ಮೂಲ ಸಂಬಳವನ್ನು ದುಪ್ಪಟ್ಟು ಮಾಡಿದರು. ಅರ್ಥಶಾಸ್ತ್ರಜ್ಞರು ಹೋಗಿ ಪರೀಕ್ಷೆ ಮಾಡಿದರು. ಶಿಕ್ಷಕರ ನೆಮ್ಮದಿ ಹೆಚ್ಚಿತ್ತು, ಹೊರಗೆ ಇನ್ನೊಂದು ಕೆಲಸ ಹುಡುಕಿಕೊಂಡು ಹೋಗುವುದು ಕಡಿಮೆಯಾಗಿತ್ತು. ಮಕ್ಕಳ ಕಲಿಕೆ ಮಾತ್ರ ಒಂದಿಷ್ಟೂ ಮೇಲೇರಿರಲಿಲ್ಲ. ನಮ್ಮಲ್ಲೂ ಶಾಲೆ ಬಿಟ್ಟ ಕೂಡಲೇ ಸೈಟು, ಚೀಟಿ, ಬಡ್ಡಿ ವ್ಯವಹಾರಕ್ಕೆ ಓಡುವ ಮೇಷ್ಟ್ರುಗಳನ್ನು ನಾನು ನೋಡಿದ್ದೇನೆ. ಅಂಥವರಿಗೆ ಇನ್ನೆಷ್ಟು ಕೊಟ್ಟರೂ ಅದು ಚೀಟಿಗೇ ಹೋಗುತ್ತದೆ.

ಹಾಗಾದರೆ ನಾನು ಏನು ಹೇಳಲು ಹೊರಟಿದ್ದೇನೆ? ತುಂಬಿದ ತಟ್ಟೆಗೆ ಮತ್ತೆ ಬಡಿಸಿ ಎನ್ನುತ್ತಿಲ್ಲ. ಶಾಲೆಯಲ್ಲಿ ಖಾಲಿ ತಟ್ಟೆ ಹಿಡಿದವರು ಯಾರು ನೋಡಿ ಎನ್ನುತ್ತಿದ್ದೇನೆ. ಆ ತಟ್ಟೆ ಹಣಕ್ಕೆ ಮಾತ್ರ ಅಲ್ಲ. ಹೊತ್ತು, ಗೌರವ, ನಾಳೆಯೂ ಈ ಕೆಲಸ ಇರುತ್ತದೆ ಎನ್ನುವ ಧೈರ್ಯ, ಕುಡಿಯಲು ನೀರು, ಹೋಗಲು ಶೌಚಾಲಯ. ಇವೂ ಕ್ಷೇಮವೇ.

ಮೇಷ್ಟ್ರು ಶಾಲೆಗೇ ಬರುವುದಿಲ್ಲ ಎಂಬ ಮಾತಿಗೂ ಉತ್ತರ ಕೊಟ್ಟುಬಿಡುತ್ತೇನೆ. 2003ರಲ್ಲಿ ದೇಶದಾದ್ಯಂತ ಹೇಳದೆ ಕೇಳದೆ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ ಎಣಿಸಿದಾಗ ನಾಲ್ವರಲ್ಲಿ ಒಬ್ಬ ಶಿಕ್ಷಕ ಶಾಲೆಯಲ್ಲಿ ಇರಲಿಲ್ಲ. ಪತ್ರಿಕೆಗಳಿಗೆ ಹಬ್ಬ. ಆದರೆ 2017ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಆರು ರಾಜ್ಯಗಳಲ್ಲಿ ಇನ್ನೊಂದು ಕೆಲಸ ಮಾಡಿದರು. ಇಲ್ಲದ ಶಿಕ್ಷಕ ಎಲ್ಲಿ ಹೋಗಿದ್ದಾನೆ ಎಂದೂ ಕೇಳಿದರು. ಸಕಾರಣವಿಲ್ಲದೆ ತಪ್ಪಿಸಿಕೊಂಡವರು ನೂರಕ್ಕೆ ಎರಡೂವರೆ ಮಂದಿ. ಉಳಿದವರು ರಜೆಯ ಮೇಲೆ, ತರಬೇತಿಯಲ್ಲಿ, ಇಲ್ಲವೇ ಸರ್ಕಾರವೇ ಕಳಿಸಿದ ಕೆಲಸದಲ್ಲಿ. ಮಗುವಿಗೆ ಮಾತ್ರ ಎಲ್ಲವೂ ಒಂದೇ. ಕುರ್ಚಿ ಖಾಲಿ.

‘ಈ ಮಿಸ್ಸೂ ಹೋಗ್ತಾರಾ?’

ಈಗ ಖಾಲಿ ತಟ್ಟೆಯವರ ವಿಷಯ. ಅತಿಥಿ ಶಿಕ್ಷಕರು! ಎಂಥ ಚೆಂದದ ಹೆಸರು ನೋಡಿ. ನಮ್ಮ ಕಡೆ ಅತಿಥಿ ಬಂದರೆ ಕಾಲಿಗೆ ನೀರು ಕೊಟ್ಟು, ಒಳಗೆ ಕರೆದು, ಊಟಕ್ಕೆ ಏಳಿ ಅನ್ನುತ್ತೇವೆ. ಘನ ಸರ್ಕಾರದ ಅತಿಥಿಗೆ ತಿಂಗಳಿಗೆ 10 ಸಾವಿರ ಇತ್ತು, 2025-26ನೇ ಸಾಲಿನಲ್ಲಿ 2 ಸಾವಿರ ಏರಿಸಿದರು. ಅದೂ ಶಾಲೆ ನಡೆಯುವ ತಿಂಗಳಿಗೆ ಮಾತ್ರ. ಬೇಸಿಗೆ ರಜೆಯಲ್ಲಿ ಅತಿಥಿಗೆ ಹೊಟ್ಟೆ ಇರುವುದಿಲ್ಲ ಎಂದು ಇಲಾಖೆ ನಂಬಿದೆ. ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಇಂಥವರು ಹತ್ತಾರು ಸಾವಿರ ಜನ. ಇವರು ಒಂದು ದಿನ ಮನೆಯಲ್ಲಿ ಉಳಿದರೆ ಎಷ್ಟೋ ಕನ್ನಡ ಶಾಲೆ ಬಾಗಿಲು ತೆರೆಯುವುದಿಲ್ಲ.

ನನ್ನ ಕೊನೆಯ ಶಾಲೆಗೆ ಅಂಥ ಒಬ್ಬಳು ಹುಡುಗಿ ಬಂದಳು. ಹೆಸರು ಬೇಡ. ಬಿ.ಎ., ಡಿ.ಇಡಿ., ಟಿ.ಇ.ಟಿ. ಪಾಸು. ಅವಳ ತಾಯಿ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಒಂದು ದಿನ ನಗುತ್ತಲೇ ಹೇಳಿದಳು: ‘ಸಾರ್, ನಮ್ಮಮ್ಮನಿಗೆ ಪಿ.ಎಫ್. ಇದೆ, ಇ.ಎಸ್.ಐ. ಇದೆ. ಓದಿ ಬಂದ ನನಗೆ ಎರಡೂ ಇಲ್ಲ.’ ಜೂನ್ ತಿಂಗಳ ಗೌರವಧನ ಸೆಪ್ಟೆಂಬರ್‌ನಲ್ಲಿ ಬಂತು. ಅಲ್ಲಿವರೆಗೆ ಸಂಜೆ ಹೊತ್ತು ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳು. ರಾತ್ರಿ ಒಂಬತ್ತೂವರೆಗೆ ಮನೆ. ನಾಳಿನ ಪಾಠಕ್ಕೆ ತಯಾರಿ ಯಾವಾಗ?

ಆದರೂ ಎರಡನೇ ತರಗತಿಯ ಮಕ್ಕಳಿಗೆ ಅವಳೆಂದರೆ ಪ್ರಾಣ. ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ತೆಲುಗು ಮಾತಾಡುವ ಮಕ್ಕಳು, ಉರ್ದು ಮನೆಯ ಮಕ್ಕಳು, ಎಲ್ಲರ ಬಾಯಲ್ಲೂ ಕನ್ನಡ ಹೊರಡಿಸಿದಳು. ನಾವು ವೇದಿಕೆಯ ಮೇಲೆ ಹೇಳುವ ಕನ್ನಡೀಕರಣ ಅದೇ ಅಲ್ಲವೇ? ಅವಳು ಬೋರ್ಡಿನ ಮುಂದೆ ಮಾಡುತ್ತಿದ್ದಳು.

ಡಿಸೆಂಬರ್‌ನಲ್ಲಿ ಬಂದು ‘ಸಾರ್, ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕರೆದಿದ್ದಾರೆ, 18 ಸಾವಿರ ಕೊಡ್ತಾರಂತೆ’ ಎಂದಳು. ಬೇಡ ಎನ್ನಲು ನನಗೆ ಯಾವ ಮುಖ ಇತ್ತು? ಅವಳ ಜಾಗಕ್ಕೆ ಬಂದವರು ಫೆಬ್ರವರಿಯಲ್ಲಿ ಹೋದರು. ಮೂರನೆಯವರು ಬಂದ ದಿನ ಒಬ್ಬ ಪುಟ್ಟ ಹುಡುಗ ನನ್ನ ಅಂಗಿ ಹಿಡಿದು ಕೇಳಿದ: ‘ಸಾರ್, ಈ ಮಿಸ್ಸೂ ಹೋಗ್ತಾರಾ?’ ಆ ವರ್ಷ ಆ ತರಗತಿಯ ಅರ್ಧಕ್ಕರ್ಧ ಮಕ್ಕಳಿಗೆ ಒತ್ತಕ್ಷರ ಕೂಡಲಿಲ್ಲ. ಅಂಕಿಅಂಶ ಬೇಕೆನ್ನುವವರಿಗೆ ನನ್ನ ಹಾಜರಿ ಪುಸ್ತಕವೇ ಸಾಕು.

ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುವ ಕಾಯಂ ಶಿಕ್ಷಕರಿಗೆ ಇವಳ ಮೂರು ಪಟ್ಟಿಗೂ ಮೇಲೆ. ಒಂದೇ ಕೆಲಸಕ್ಕೆ ತಾತ್ಕಾಲಿಕ ನೌಕರರಿಗೂ ಆ ಹುದ್ದೆಯ ಕನಿಷ್ಠ ವೇತನ ಕೊಡಬೇಕೆಂದು 2016ರಲ್ಲಿ ಪಂಜಾಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಕಾಲೇಜು ಅಧ್ಯಾಪಕರ ವಿಷಯದಲ್ಲಂತೂ ಇನ್ನೂ ಖಾರವಾಗಿ, ಗುರುವೇ ಬ್ರಹ್ಮ ಎಂದು ಸಭೆಗಳಲ್ಲಿ ಶ್ಲೋಕ ಹೇಳಿದರೆ ಸಾಲದು, ಅವರನ್ನು ನಡೆಸಿಕೊಳ್ಳುವುದರಲ್ಲಿ ಅದು ಕಾಣಬೇಕು ಎಂಬರ್ಥದ ಮಾತಾಡಿತು. ಅದು ಕಾಲೇಜಿನವರ ಮೊಕದ್ದಮೆ, ಒಪ್ಪುತ್ತೇನೆ. ಆದರೆ ಅಆಇಈ ಕಲಿಸುವವಳು ಕಾಲೇಜಿನವರಿಗಿಂತ ಕಡಿಮೆಯೇ?

ಇದನ್ನು ಆಗದ ಮಾತು ಅನ್ನಬೇಡಿ. 1994ರಿಂದ 1999ರವರೆಗೆ ಶಿಕ್ಷಣ ಮಂತ್ರಿಯಾಗಿದ್ದ ಎಚ್.ಜಿ. ಗೋವಿಂದೇಗೌಡರು ಲಂಚ, ಶಿಫಾರಸು ಬದಿಗಿಟ್ಟು ಅಂಕದ ಮೇಲೆ ಸುಮಾರು ಒಂದು ಲಕ್ಷ ಶಿಕ್ಷಕರನ್ನು ಕಾಯಂ ಕೆಲಸಕ್ಕೆ ತೆಗೆದುಕೊಂಡರು. ಹಳ್ಳಿಯ ಬಡವರ ಮಕ್ಕಳು, ಹೆಣ್ಣುಮಕ್ಕಳು ಒಂದು ರೂಪಾಯಿ ಕೊಡದೆ ಮೇಷ್ಟ್ರಾದರು. ಯಾರ ಕಾಲನ್ನೂ ಹಿಡಿಯದೆ ಬಂದವರು ತಲೆ ಎತ್ತಿ ಪಾಠ ಮಾಡಿದರು, ನಾನೇ ಕಣ್ಣಾರೆ ನೋಡಿದ್ದೇನೆ. ಈಗ ಅವರೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಬರುತ್ತಿರುವವರು ಹೆಚ್ಚಾಗಿ ಅತಿಥಿಗಳು.

ಮೊಟ್ಟೆ ಲೆಕ್ಕ, ಮನೆ ಲೆಕ್ಕ

ಕಾಯಂ ಶಿಕ್ಷಕರ ತಟ್ಟೆಯಲ್ಲಿ ಇಲ್ಲದ್ದು ಹೊತ್ತು. 2024-25ರ ಕೇಂದ್ರದ ಲೆಕ್ಕದಲ್ಲೇ ಕರ್ನಾಟಕದಲ್ಲಿ 7 ಸಾವಿರಕ್ಕೂ ಹೆಚ್ಚು ಏಕಶಿಕ್ಷಕ ಶಾಲೆಗಳಿವೆ. ಒಬ್ಬನೇ ಮೇಷ್ಟ್ರು ಮೊಟ್ಟೆ ತರಲು ಹೋದರೆ ಶಾಲೆ ಮುಚ್ಚಿದಂತೆಯೇ. ಮಕ್ಕಳಿಗೆ ಮೊಟ್ಟೆ ಬೇಕು, ಬೇಡ ಅನ್ನುವವನು ಪಾಪಿ. ಆದರೆ ಸರ್ಕಾರ ಒಂದಕ್ಕೆ 6 ರೂಪಾಯಿ ಎಂದು ಕಟ್ಟಿತು, ಅಂಗಡಿಯಲ್ಲಿ ಬೆಲೆ ಏರಿದಾಗ ವ್ಯತ್ಯಾಸ ಮುಖ್ಯಶಿಕ್ಷಕನ ಜೇಬಿನಿಂದ. ಟಿ.ವಿ.ಎಸ್. ಹಿಂದೆ ಮೊಟ್ಟೆಯ ಟ್ರೇ ಕಟ್ಟಿಕೊಂಡು ಹಂಪ್ ಹಂಪಿಗೆ ದೇವರ ಹೆಸರು ಹೇಳುತ್ತ ಬಂದ ದಿನಗಳು ನನ್ನವು. ಒಡೆದ ಮೊಟ್ಟೆಗೆ ಲೆಕ್ಕ ಬೇರೆ!

ಮತದಾರರ ಪಟ್ಟಿ, ಆನ್‌ಲೈನ್ ಹಾಜರಿ, ಹಾಲಿನ ಪುಡಿ ಚೀಲದ ಲೆಕ್ಕ, ಇವೆಲ್ಲ ನಿತ್ಯದ ಸೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. ಚುನಾವಣೆ ಕೆಲಸವೂ ರಜೆಯ ದಿನ, ಪಾಠವಿಲ್ಲದ ಹೊತ್ತಿನಲ್ಲಿ ನಡೆಯಲಿ ಎಂದು 2007ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಆದರೂ 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರು ಯಾರು? ಹೆಚ್ಚಾಗಿ ಶಿಕ್ಷಕರೇ. ಸಮೀಕ್ಷೆ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ, ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ದಸರಾ ರಜೆಯಲ್ಲಿ ಮುಗಿಯದೆ ಅಕ್ಟೋಬರ್ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಮುಂದುವರಿಸಿದರು. ಖಾಸಗಿ ಇಂಗ್ಲಿಷ್ ಶಾಲೆಯ ಗಂಟೆ ಬಾರಿಸುತ್ತಿತ್ತು. ಪಾಠ ಕಳೆದುಕೊಂಡವರು ಕನ್ನಡ ಶಾಲೆಯ ಬಡವರ ಮಕ್ಕಳು. ಇದನ್ನು ಕನ್ನಡದ ಅನ್ಯಾಯ ಎಂದು ನಮ್ಮಲ್ಲಿ ಎಷ್ಟು ಮಂದಿ ಕೂಗಿದೆವು?

ನಂಬಿ ಬಿಟ್ಟರೆ ನಮ್ಮ ಮೇಷ್ಟ್ರುಗಳು ಏನು ಮಾಡಬಲ್ಲರು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ತಾವೇ ಕೂತು ಚಿತ್ರ ಬರೆದು, ಹಾಡು ಕಟ್ಟಿ, ಕಾರ್ಡು ಕತ್ತರಿಸಿ ‘ನಲಿ-ಕಲಿ’ ಮಾಡಿದರು. ಕಾಡಂಚಿನ ತಾಲ್ಲೂಕಿನ ಪ್ರಾಥಮಿಕ ಶಾಲೆ ಮೇಷ್ಟ್ರುಗಳ ಕೆಲಸ ಅದು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಬಂತು. ಆಗ ಏನಾಯಿತು ಗೊತ್ತೇ? ಮೇಷ್ಟ್ರು ಕಟ್ಟಿದ್ದು ಮೇಲಿನಿಂದ ಬಂದ ಸುತ್ತೋಲೆಯಾಯಿತು. ಕೋಟೆಯಲ್ಲಿ ಉತ್ಸಾಹದಿಂದ ಮಾಡಿದ್ದನ್ನು ಉಳಿದ ಕಡೆ ಎಷ್ಟೋ ಜನ ತಪಾಸಣೆಗೆ ಹೆದರಿ ಮಾಡಿದರು. ನಾನೂ ಹಾಗೆ ಮಾಡಿದವನೇ.

ಕೊನೆಗೆ ಒಂದು ತಪ್ಪೊಪ್ಪಿಗೆ. ನನ್ನ ಮಗನನ್ನು ನಾನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದೆ. ಹೌದು, ಗೋಕಾಕ್ ಚಳವಳಿಯಲ್ಲಿ ಕೂಗಿದ ಇದೇ ಬಾಯಿ ಅಲ್ಲಿ ಫೀಜು ಎಷ್ಟೆಂದು ಕೇಳಿತು. ಯಾಕೆ? ನನ್ನ ಶಾಲೆಯಲ್ಲಿ ವಾರಕ್ಕೆ ಎಷ್ಟು ದಿನ ನಿಜವಾದ ಪಾಠ ನಡೆಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನನಗೆ ಬೈಯಬೇಕು ಅನ್ನಿಸಿದರೆ ಬೈಯಿರಿ, ಬಡಿಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದೇನೆ. ಆದರೆ ಬೈದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ವಾರ್ಡಿನ ಸರ್ಕಾರಿ ಶಾಲೆಗೆ ಒಂದು ಶನಿವಾರ ಹೋಗಿ. ಬಾವುಟ, ಕ್ಯಾಮೆರಾ ಬೇಡ. ಅತಿಥಿ ಶಿಕ್ಷಕರು ಎಷ್ಟು ಜನ, ಅವರಿಗೆ ಯಾವ ತಿಂಗಳವರೆಗೆ ಗೌರವಧನ ಬಂದಿದೆ, ಕಳೆದ ತಿಂಗಳು ಶಿಕ್ಷಕರು ಎಷ್ಟು ದಿನ ಬೇರೆ ಕೆಲಸಕ್ಕೆ ಹೋಗಿದ್ದರು ಎಂದು ಕೇಳಿ ಬರೆದುಕೊಳ್ಳಿ. ಬಾಕಿ ಇದ್ದರೆ ಬಿ.ಇ.ಒ. ಕಚೇರಿ ಮುಂದೆ ಕೂರಿ. ಅಂಗಡಿ ಮುಂದೆ ಕೂರಲು ಬಂದವರಿಗೆ ಕಚೇರಿ ಮುಂದೆ ಕೂರುವುದು ಹೇಳಿಕೊಡಬೇಕಿಲ್ಲ.

ಈ ಮೈದಾನದಿಂದ ಎರಡು ಬೀದಿ ಆಚೆ ಒಂದು ಶಾಲೆ ಇದೆ. ಅಲ್ಲಿನ ಶಿಕ್ಷಕಿಯರ ಶೌಚಾಲಯದ ನಲ್ಲಿ ಕೆಟ್ಟು ಎರಡು ತಿಂಗಳಾಯಿತು, ಬಾಗಿಲ ಚಿಲಕವೂ ಇಲ್ಲ. ನಾನು ಅಳತೆ ತೆಗೆದುಕೊಂಡು ಬಂದಿದ್ದೇನೆ. ನಿಮ್ಮಲ್ಲಿ ಪ್ಲಂಬಿಂಗ್ ಕೆಲಸ ಬಲ್ಲವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಸೋಮವಾರ ಬೆಳಗ್ಗೆ ಎಂಟಕ್ಕೆ ಹೋಗೋಣ, ಪ್ರಾರ್ಥನೆ ಗಂಟೆ ಹೊಡೆಯುವುದರೊಳಗೆ ಮುಗಿಯಬೇಕು.